ನೂರರ ಮೇಲಿನ ಒಂದು

ನನಗೆ ಅರ್ಥವಾಗದ ಪದವನ್ನು ಯಾರಾದರೂ ನನ್ನೆದುರು ಪದೇ ಪದೇ ಬಳಸಿದರೆ ಸುಮ್ಮನೆ ತಲೆಯಾಡಿಸುವ ಜಾಯಮಾನ ನನ್ನದಲ್ಲ. ಇದು ಗುಣವೋ ದೋಷವೋ ಗೊತ್ತಿಲ್ಲ, ಹೊಟ್ಟೆಪಾಡಂತೂ ಹೌದು. ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುವವನು ನಾನು. ಡಬ್ಬಿಯ ಮೇಲೆ ಐನೂರು ಮಿಲಿಗ್ರಾಂ ಎಂದಿದ್ದರೆ ಮಾತ್ರೆಯೊಳಗೂ ಐನೂರು ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಜಗಳ ತೆಗೆಯುವುದು, ಇದಕ್ಕೇ ನನಗೆ ಸಂಬಳ. ಅಂಥವನ ಮನೆಯಲ್ಲೇ, ಅವನ ಮಗನೇ, ಇದೇ ಊರಿನ ಹರ್ಲಿಂಗ್‌ಹ್ಯಾಮಿನ ಒಂದು ಪುಟ್ಟ ಕ್ರಿಪ್ಟೊ ಕಂಪನಿಗೆ ಸೇರಿಕೊಂಡು ದಿನಾ ಊಟದ ಹೊತ್ತಿಗೆ ತಲೆಬುಡವಿಲ್ಲದ ಪದಗಳನ್ನು ಬಡಿಸತೊಡಗಿದರೆ ಹೇಗಾಗಬೇಡ!

ಮಗ ಹುಟ್ಟಿದ್ದು ಮೈಸೂರಿನಲ್ಲಾದರೂ ಬೆಳೆದದ್ದು ಪೂರ್ತಿ ಇಲ್ಲೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಎರಡೂ ಕಡೆಯವರಿಗೆ ಅದು ವಿಚಿತ್ರ ಅನ್ನಿಸುವುದು ಎಂದೋ ನಿಂತುಹೋಗಿದೆ. ಹಾಗಾಗಿ ಇಲ್ಲಿ ಅವನ ಮಾತನ್ನೆಲ್ಲ ಕನ್ನಡಕ್ಕೆ ಇಳಿಸಿದವನು ನಾನೇ.

"ವಾಲೆಟ್ ವಾಲೆಟ್ ಅಂತೀಯಲ್ಲ, ಅದರಲ್ಲಿ ದುಡ್ಡಿರುತ್ತೇನೋ?" ಎಂದು ಶುರು ಮಾಡಿದೆ ಒಂದು ಭಾನುವಾರ.

"ಇಲ್ಲಪ್ಪ. ದುಡ್ಡು ಬ್ಲಾಕ್‌ಚೈನ್ ಮೇಲಿರುತ್ತೆ. ವಾಲೆಟ್‌ನಲ್ಲಿ ಇರೋದು ಕೀ."

"ಹಾಗಾದ್ರೆ ಅದು ಕೀ ಬಂಚು ಕಣೋ! ಕೀ ಇಡೋದಕ್ಕೆ ವಾಲೆಟ್ ಅಂತ ಹೆಸರಿಟ್ಟವನು ಯಾರು? ಅವನನ್ನ ನಮ್ಮ ಫ್ಯಾಕ್ಟರಿಗೆ ಕರ್ಕೊಂಡು ಬಾ, ಲೇಬಲ್ ಅಂದ್ರೇನು ಅಂತ ಹೇಳಿಕೊಡ್ತೀನಿ."

ಮೈನಿಂಗ್ ಎಂದ. ಗಣಿ ಇಲ್ಲ, ಗುದ್ದಲಿ ಇಲ್ಲ, ಯಾವುದೋ ದೇಶದಲ್ಲಿ ಕಂಪ್ಯೂಟರುಗಳು ಕೂತು ಬೆವರುವುದಕ್ಕೆ ಮೈನಿಂಗ್. ಗ್ಯಾಸ್ ಎಂದ. ಅದು ಹಣ ದಾಟಿಸುವ ಕೂಲಿಯಂತೆ. ಕೂಲಿಗೆ ಕೂಲಿ ಎನ್ನಲು ಇವರಿಗೇನು ರೋಗ? ಸ್ಟೇಬಲ್ ಕಾಯಿನ್ ಎಂದ. ಒಂದು ಕಾಯಿನ್ನಿಗೆ ಸದಾ ಒಂದು ಡಾಲರು, ಏರುವುದಿಲ್ಲ, ಇಳಿಯುವುದಿಲ್ಲ, ಅದಕ್ಕೇ ಸ್ಟೇಬಲ್. "ಅಂದ್ರೆ ಉಳಿದದ್ದೆಲ್ಲ ಅಲ್ಲಾಡುತ್ತೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತಲ್ಲ!" ಎಂದೆ. ಹೆಂಡತಿ ಅಡುಗೆಮನೆಯಿಂದ, "ರೀ, ಅವನು ಊಟ ಮಾಡ್ಲಿ, ಆಮೇಲೆ ವಿಚಾರಣೆ ಮಾಡಿ" ಎಂದಳು. ಮಗ ನಗುತ್ತಿದ್ದ. ಅವನು ಹಾಗೆ ನನ್ನೆದುರು ಕೂತು ನಕ್ಕು ಬಹಳ ಕಾಲವಾಗಿತ್ತು, ಆದ್ದರಿಂದ ವಿಚಾರಣೆ ನಿಲ್ಲಿಸುವ ಮನಸ್ಸು ನನಗಿರಲಿಲ್ಲ.

ನಿಜ ಹೇಳಬೇಕೆಂದರೆ, ಬೈಯುತ್ತ ಬೈಯುತ್ತಲೇ ನನಗೆ ಅದರ ಹುಚ್ಚು ಹಿಡಿದಿತ್ತು. ಹಿಡಿಸಿದ್ದು ಫೀಜಿನ ಲೆಕ್ಕ. ಊರಿಗೆ ಹಣ ಕಳಿಸುವಾಗ ಇಲ್ಲಿನ ಬ್ಯಾಂಕು ಒಂದಿಷ್ಟು ಚಿವುಟುತ್ತದೆ, ನಡುವೆ ಯಾವುದೋ ದೇಶದ ಬ್ಯಾಂಕು ಮುಖ ತೋರಿಸದೆ ಒಂದಿಷ್ಟು ಚಿವುಟುತ್ತದೆ, ಊರಿನ ಬ್ಯಾಂಕು ತನ್ನ ಪಾಲು ಚಿವುಟಿ ಉಳಿದದ್ದನ್ನು ಪ್ರಸಾದದ ಹಾಗೆ ಕೊಡುತ್ತದೆ. ಇಷ್ಟು ವರ್ಷ ನಾನು ಅದಕ್ಕೆ ಒಗ್ಗಿಹೋಗಿದ್ದೆ. ಮಗ ಒಂದು ಸಂಜೆ, "ನಮ್ಮ ಆ್ಯಪ್‌ನಲ್ಲಿ ಒಂದು ಡಾಲರ್, ಅಷ್ಟೇ" ಎಂದ.

"ನೂರು ಕಳಿಸಿದ್ರೆ?"

"ಒಂದು."

"ಲಕ್ಷ ಕಳಿಸಿದ್ರೆ?"

"ಆಗಲೂ ಒಂದೇ, ಅಪ್ಪ. ಫ್ಲಾಟ್."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಚೀಲ ಎಷ್ಟೇ ಭಾರವಿರಲಿ ಕೂಲಿ ಒಂದೇ! ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೇಳಿದವರಿಗೂ ಕೇಳದವರಿಗೂ ಇದನ್ನು ವಿವರಿಸಿದೆ. ಪಂಗಾನಿ ಬಡಾವಣೆಯಲ್ಲಿ ನನಗೆ ಖಾಯಂ ಕ್ಷೌರ ಮಾಡುವವನಿಗೆ ವಿವರಿಸಿದೆ. ಅವನು ಕತ್ತರಿ ನಿಲ್ಲಿಸಿ, ಹಾಗಾದರೆ ಹತ್ತು ಡಾಲರ್ ಕಳಿಸುವ ಬಡವನಿಗೂ ಒಂದೇನಾ ಎಂದು ಕೇಳಿದ. ಹೌದಲ್ಲ ಎಂದು ಆ ಸಂದೇಹವನ್ನೂ ಹೊತ್ತುಕೊಂಡು ಮನೆಗೆ ಬಂದು ಮಗನ ಮೇಲೆ ಇಳಿಸಿದೆ. ಇಷ್ಟೆಲ್ಲ ಕೇಳಿದವನು ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಆ ಒಂದು ಡಾಲರನ್ನು ಯಾರ ಪಾಲಿನಿಂದ ಕೀಳುತ್ತಾರೆ ಎಂಬುದೇ ಆ ಪ್ರಶ್ನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಕ್ಕ ನನಗಾಗಿಯೇ ಹೇಳುತ್ತಿದ್ದ ಗಾದೆ.

ಅಕ್ಕನ ವಿಷಯಕ್ಕೆ ಬರಬೇಕು. ಮೈಸೂರಿನಲ್ಲಿರುವ ನಮ್ಮಕ್ಕನಿಗೆ ಒಬ್ಬಳೇ ಮಗಳು. ಆ ಹುಡುಗಿಗೆ ಮದುವೆ ಗೊತ್ತಾಗಿತ್ತು. ಹೆಣ್ಣನ್ನು ಮಂಟಪಕ್ಕೆ ಕರೆದುಕೊಂಡು ಬರುವವನು ಸೋದರಮಾವ, ಮೊದಲ ಮುಯ್ಯಿ ಮಾಡುವವನೂ ಸೋದರಮಾವ. ಆ ಸೋದರಮಾವ ನಾನು. ಸರಿಯಾಗಿ ಅದೇ ವಾರ ನಮ್ಮ ಕಾರ್ಖಾನೆಗೆ ದೊಡ್ಡ ತಪಾಸಣೆ ಗೊತ್ತಾಯಿತು. ಅದರ ತಲೆಯೂ ನಾನೇ, ಬಾಲವೂ ನಾನೇ. ಬರಲಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಅಕ್ಕ ಬೈಯಲಿಲ್ಲ.

"ಸರಿ. ಕೆಲಸ ನೋಡ್ಕೊ" ಎಂದಳು.

ಅಕ್ಕ ಬೈದರೆ ನನಗೆ ಭಯವಿಲ್ಲ. ಅವಳು ಬೈಯದಿದ್ದರೆ ಅನ್ನ ಇಳಿಯುವುದಿಲ್ಲ. ನಾನು ಮೊದಲ ಸಲ ಈ ದೇಶಕ್ಕೆ ಹೊರಟಾಗ ಅವಳು ನನ್ನ ಕೈಯಲ್ಲಿ ನೂರರ ಒಂದು ನೋಟು, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟಿದ್ದಳು. "ನೂರು ದಾರಿ ಖರ್ಚಿಗೆ. ಈ ಒಂದು ವಾಪಸ್ ಬರೋಕೆ. ಇದನ್ನ ಖರ್ಚು ಮಾಡ್ಬಾರ್ದು" ಎಂದಿದ್ದಳು. ಊರಿಗೆ ಹೋದಾಗಲೆಲ್ಲ ಆ ನಾಣ್ಯವನ್ನು ಅವಳಿಗೆ ಒಪ್ಪಿಸುತ್ತೇನೆ, ಹೊರಡುವಾಗ ಅವಳು ಅದನ್ನೇ ಮತ್ತೆ ನೂರರ ಮೇಲಿಟ್ಟು ಕೊಡುತ್ತಾಳೆ. ಕಳೆದ ಕೆಲವು ವರ್ಷಗಳಿಂದ, ಒಂದಲ್ಲ ಒಂದು ಕಾರಣಕ್ಕೆ, ನಾಣ್ಯ ಇಲ್ಲೇ ದೇವರ ಮುಂದಿನ ಬೆಳ್ಳಿ ಬಟ್ಟಲಲ್ಲಿ ಕೂತುಬಿಟ್ಟಿತ್ತು. ಅಕ್ಕ ಅದನ್ನು ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ತಮ್ಮ ಇನ್ನು ಆ ದೇಶದವನೇ ಆಗಿಹೋದ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸುತ್ತಿದ್ದಾಳೆ ಎಂಬ ಅನುಮಾನ ನನಗಿತ್ತು.

ಹೀಗಿರುವಾಗ ಮದುವಣಗಿತ್ತಿಯಿಂದಲೇ ಒಂದು ಸಂದೇಶ ಬಂತು. ಅವಳೂ ಹುಡುಗನೂ ದುಬೈಯಲ್ಲಿ ಕೆಲಸದಲ್ಲಿರುವವರು. ಪಾತ್ರೆ, ಗಡಿಯಾರ ಹೊತ್ತು ತಿರುಗುವುದು ಕಷ್ಟ, ಹೊರದೇಶದಿಂದ ಯಾರಾದರೂ ಉಡುಗೊರೆ ಕೊಡಲೇಬೇಕೆಂದಿದ್ದರೆ ಇಲ್ಲಿಗೆ ಸ್ಟೇಬಲ್ ಕಾಯಿನ್ ಕಳಿಸಿ ಎಂದು ಒಂದು ಉದ್ದನೆಯ ಅಡ್ರೆಸ್ಸು. ಅಡ್ರೆಸ್ಸೆಂದರೆ ಬೀದಿಯಲ್ಲ, ಬಾಗಿಲ ನಂಬರಲ್ಲ, ಮಗು ಕೀಬೋರ್ಡಿನ ಮೇಲೆ ಕೂತೆದ್ದ ಹಾಗಿರುವ ಅಕ್ಷರಗಳ ಸಾಲು. ನನಗೆ ರೋಮಾಂಚನವಾಯಿತು! ಮೈ ಇಲ್ಲದಿದ್ದರೇನು, ಮುಯ್ಯಿ ಮುಹೂರ್ತಕ್ಕೆ ಸರಿಯಾಗಿ ಹೋಗಿ ಬೀಳುತ್ತದೆ. ಗಟ್ಟಿಮೇಳ ಮೊಳಗಿದ ಕ್ಷಣಕ್ಕೆ ಅಲ್ಲಿ ಫೋನು ಟಿಂಗ್ ಎನ್ನಬೇಕು, ಮೊದಲ ಮುಯ್ಯಿ ಸೋದರಮಾವನದ್ದೇ ಆಗಬೇಕು, ಅದನ್ನು ಅಕ್ಕ ನೋಡಬೇಕು. ದೊಡ್ಡ ಉಡುಗೊರೆಯಾಗಿ ಸರವನ್ನು ಬೇರೆ ಕಳಿಸಿದ್ದೆವು. ಇದು ಶಾಸ್ತ್ರಕ್ಕೆ. ಶಾಸ್ತ್ರಕ್ಕೆ ಎಷ್ಟು ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ.

ಮದುವೆಯ ದಿನ ನಮ್ಮಲ್ಲಿ ಇನ್ನೂ ಬೆಳಗಿನ ಉಪ್ಪಿಟ್ಟಿನ ಹೊತ್ತು. ತಪಾಸಣೆಯವರಿಗೂ ಆವತ್ತು ರಜೆ, ನನಗೂ ರಜೆ, ಆದರೆ ಮಾರನೆಯ ದಿನ ಮತ್ತೆ ಹಾಜರಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಮೈಸೂರಿನ ಛತ್ರದ ನೇರಪ್ರಸಾರ. ಹೆಂಡತಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ನಾನು ಪಂಚೆ, ಶಲ್ಯ. ಮಗ ಟೀ ಶರ್ಟಿನಲ್ಲಿ, ಕೈಯಲ್ಲಿ ಫೋನು ಹಿಡಿದು, ತನ್ನ ಕಂಪನಿಯ ಮಾನ ತನ್ನ ಹೆಗಲ ಮೇಲಿದೆ ಎಂಬಂತೆ ನೆಟ್ಟಗೆ ಕೂತಿದ್ದ.

"ಎಷ್ಟು ಹಾಕ್ಲಿ?"

"ನೂರಾ ಒಂದು."

ಅವನು ಒಂದು ಕ್ಷಣ ತೆರೆ ನೋಡಿ, ಹುಬ್ಬೇರಿಸಿ, "ಸೂಪರ್ ಅಪ್ಪ! ಎಲ್ಲಾ ಕಲ್ತುಬಿಟ್ಟಿದ್ದೀಯ" ಎಂದ. ಯಾವುದಕ್ಕೆ ಹೊಗಳಿದ ಎಂದು ಕೇಳಬೇಕಿತ್ತು. ಹೊಗಳಿಕೆ ಬಂದಾಗ ಯಾರು ಕಾರಣ ಕೇಳುತ್ತಾರೆ! ಅಷ್ಟರಲ್ಲಿ ಅಲ್ಲಿ ಪುರೋಹಿತರು ಕೈಯೆತ್ತಿದರು, ವಾದ್ಯದವರು ಗಟ್ಟಿಮೇಳ ಎತ್ತಿಕೊಂಡರು, ಹೆಂಡತಿ ಮೇಜಿನ ಈ ಕಡೆಯಿಂದಲೇ ಲ್ಯಾಪ್‌ಟಾಪಿನ ಮೇಲೆ ಅಕ್ಷತೆ ಎಸೆದಳು. "ಒತ್ತೋ, ಒತ್ತೋ!" ಎಂದು ನಾನು ಕೂಗಿದೆ. ಅವನು ಒತ್ತಿದ.

"ಹೋಯ್ತು. ಈಗ ನೆಟ್‌ವರ್ಕ್ ಕನ್ಫರ್ಮ್ ಮಾಡ್ಬೇಕು."

"ಯಾರದು ನೆಟ್‌ವರ್ಕು? ಅವರಿಗೆ ಮುಹೂರ್ತ ಗೊತ್ತಾ?"

ಹಾಗೆನ್ನುವುದರೊಳಗೆ, ತೆರೆಯ ಮೇಲೆ, ಮಂಟಪದ ಪಕ್ಕದಲ್ಲಿ ನಿಂತಿದ್ದ ನಮ್ಮಕ್ಕ ತನ್ನ ಬ್ಯಾಗಿಗೆ ಕೈಹಾಕಿದಳು. ಮುಯ್ಯಿ ಬರುತ್ತದೆಂದು ನಾನು ಮೊದಲೇ ತಿಳಿಸಿದ್ದರಿಂದ ಮಗಳ ಫೋನು ಅವಳ ಬಳಿಯೇ ಇತ್ತು. ತಲುಪಿತು! ಸಮುದ್ರ ದಾಟಿ, ಗಟ್ಟಿಮೇಳ ಮುಗಿಯುವ ಮೊದಲೇ ತಲುಪಿತು! ನಾನು ಮಗನ ಬೆನ್ನಿಗೆ ಗುದ್ದಿದೆ, ಹೆಂಡತಿಯ ಕೈ ಹಿಡಿದು ಕುಲುಕಿದೆ. ಅಕ್ಕ ಕನ್ನಡಕ ಏರಿಸಿ ಫೋನನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ನಗಲಿಲ್ಲ. ಫೋನನ್ನು ಬ್ಯಾಗಿನೊಳಕ್ಕೆ ಹಾಕಿ ಸೆರಗು ಸರಿಮಾಡಿಕೊಂಡಳು.

"ಎಷ್ಟು ಹೋಯ್ತೋ?" ಎಂದೆ.

"ಪರ್ಫೆಕ್ಟ್, ಅಪ್ಪ. ಅವಳಿಗೆ ಸರಿಯಾಗಿ ನೂರು ಸಿಕ್ಕಿದೆ."

"ನೂರಾ?"

"ಹೂಂ. ನೂರಾ ಒಂದರಲ್ಲಿ ಫೀ ಒಂದು ಹೋಯ್ತು. ಕ್ಲೀನ್ ನೂರು."

ನಾನು ಆಗ ಏನೇನು ಅಂದೆನೋ ಎಲ್ಲವನ್ನೂ ಬರೆಯಲಾರೆ. ಸೋದರಮಾವ ಮೊದಲ ಮುಯ್ಯಿಗೆ ಬೋಳು ನೂರು ಇಟ್ಟ! ಸೊನ್ನೆಗೆ ಮುಗಿಯುವ ಮುಯ್ಯಿ! ಲೆಕ್ಕ ಚುಕ್ತಾ ಮಾಡುವಾಗ ಕೊಡುವಂತೆ, ಇನ್ನು ನನಗೂ ನಿಮಗೂ ಏನಿಲ್ಲ ಎನ್ನುವಂತೆ! ಅದೂ ಯಾರಿಗೆ, ಒಂದರ ಬೆಲೆಯನ್ನು ನನಗೆ ಹೇಳಿಕೊಟ್ಟ ಅಕ್ಕನಿಗೆ. ನನ್ನ ಮಾತಿನ ರಭಸಕ್ಕೆ ಮಗ ಮೊದಲು ನಕ್ಕ. "ಅಪ್ಪ, ನೂರಾ ಒಂದರಲ್ಲಿ ನೂರು ಅಂದ್ರೆ ತೊಂಬತ್ತೊಂಬತ್ತು ಪರ್ಸೆಂಟ್. ನಿನ್ನ ಲ್ಯಾಬಿನಲ್ಲಿ ಪಾಸು" ಎಂದ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಇನ್ನೊಂದು ಒಂದನ್ನ ಕಳಿಸು. ಈಗಲೇ!"

"ಆಗಲ್ಲ ಅಪ್ಪ. ಮಿನಿಮಮ್ ಹತ್ತು."

"ಲಕ್ಷ ಹೊತ್ಕೊಂಡು ಸಮುದ್ರ ಹಾರೋ ನಿನ್ನ ಯಂತ್ರಕ್ಕೆ ಒಂದು ಹೊರೋ ಯೋಗ್ಯತೆ ಇಲ್ವೇನೋ?"

ಹನ್ನೊಂದು ಕಳಿಸಬಹುದು, ಫೀಜಿಗೆ ಇನ್ನೊಂದು ಸೇರಿಸಿದರಾಯಿತು, ಒಟ್ಟು ನೂರಾ ಹನ್ನೊಂದಾಗುತ್ತದೆ ಎಂದು ಅವನು ಲೆಕ್ಕ ಹೇಳಿದ. ಅದು ಲೆಕ್ಕವಾಗುತ್ತಿತ್ತೇ ಹೊರತು ಮುಯ್ಯಿಯಾಗುತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದೆ. ಈ ಗಾದೆ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಅನುವಾದಿಸಿದಳು.

"ಆದ್ರೆ ಆ ಒಂದನ್ನ ಹಾಕಿದ್ದು ನೀನೇ ಅಲ್ವಾ?" ಎಂದ ಅವನು, ಈಗ ಅವನ ದನಿಯೂ ಏರಿತ್ತು. "ನಾನು ಅದು ಯಾ ಕುಟೋವಾ ಅಂದ್ಕೊಂಡೆ!"

ಈ ಊರಿನಲ್ಲಿ ಫೋನಿನ ಮೂಲಕ ಯಾರಿಗೆ ಹಣ ಕಳಿಸಿದರೂ, ಅವರು ಅದನ್ನು ಅಂಗಡಿಯಲ್ಲಿ ನೋಟಾಗಿ ತೆಗೆದುಕೊಳ್ಳುವಾಗ ಒಂದಿಷ್ಟು ಖರ್ಚು ಬೀಳುತ್ತದೆ. ಮರ್ಯಾದಸ್ಥನಾದವನು ಆ ಖರ್ಚನ್ನೂ ಸೇರಿಸಿಯೇ ಕಳಿಸುತ್ತಾನೆ. ಆ ಮೇಲಿನ ದುಡ್ಡಿಗೆ ಇಲ್ಲಿನವರು ಸ್ವಾಹಿಲಿಯಲ್ಲಿ ಯಾ ಕುಟೋವಾ ಎನ್ನುತ್ತಾರೆ, ತೆಗೆಯುವ ಖರ್ಚಿನದು ಎಂದು. ಮನೆಯ ನಲ್ಲಿ ರಿಪೇರಿ ಮಾಡಿದವನೂ, "ತುಮಾ ನಾ ಯಾ ಕುಟೋವಾ" ಎಂದು, ಅದನ್ನೂ ಸೇರಿಸಿ ಕಳಿಸಿ ಎಂದು, ಸಲುಗೆಯಿಂದ ಕೇಳುತ್ತಾನೆ. ಇದನ್ನು ಮಗನಿಗೆ ಚಿಕ್ಕಂದಿನಿಂದ ಕಲಿಸಿದವನು ನಾನೇ. ಪಡೆಯುವವರ ಕೈಗೆ ಪೂರ್ತಿ ಮೊತ್ತ ಸೇರಬೇಕು, ಕೂಲಿ ಯಾವತ್ತೂ ಕಳಿಸುವವನ ಮೇಲೆ, ಇಲ್ಲದಿದ್ದರೆ ಜಿಪುಣ ಅನ್ನಿಸಿಕೊಳ್ಳುತ್ತೀಯ ಎಂದು ಹೇಳಿಕೊಟ್ಟಿದ್ದೆ. ಅವನು ನೂರಾ ಒಂದು ನೋಡಿದ, ಫೀಜು ಒಂದು ನೋಡಿದ, ಅಪ್ಪ ಯಾ ಕುಟೋವಾ ಸೇರಿಸಿದ್ದಾನೆ ಎಂದು ಹಿಗ್ಗಿದ. ಅವನನ್ನು ಬೆಳೆಸಿದ ಊರಿನ ಲೆಕ್ಕದಲ್ಲಿ ಅವನದು ಸರಿ ಉತ್ತರವೇ.

"ಮತ್ತೆ ಮದುವೆ ಕವರಿನ ಮೇಲೆ ಅಂಟಿಸಿರ್ತಾರಲ್ಲ ಒಂದು ನಾಣ್ಯ, ಅದೇನು ಅಂದ್ಕೊಂಡಿದ್ದೆ ಇಷ್ಟು ವರ್ಷ?" ಎಂದು ಕೇಳಿದೆ.

"ಕವರಿನ ದುಡ್ಡು ಅಂದ್ಕೊಂಡಿದ್ದೆ" ಎಂದ.

ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ವಾಲೆಟ್ಟು, ಗ್ಯಾಸು, ಮೈನಿಂಗು ಎಲ್ಲದರ ಅರ್ಥವನ್ನು ತಿಂಗಳುಗಟ್ಟಲೆ ಅಗೆದು ಕೇಳಿದ್ದೆ. ನನ್ನ ಒಂದರ ಅರ್ಥವನ್ನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ದೇವರ ಮುಂದಿನ ಬೆಳ್ಳಿ ಬಟ್ಟಲನ್ನು ತಂದು ಅವನೆದುರಿಗಿಟ್ಟು, ಅಕ್ಕ ಹೇಳಿದ್ದನ್ನು ಅವಳು ಹೇಳಿದ ಮಾತಿನಲ್ಲೇ ಹೇಳಿದೆ. ನೂರು ದಾರಿಗೆ, ಒಂದು ವಾಪಸ್ ಬರುವುದಕ್ಕೆ. ಅವನು ನಾಣ್ಯವನ್ನು ಕೈಗೆ ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದ. "ಅಂದ್ರೆ ಈಗ ನಾವು ಕಳಿಸಿದ್ದು..." ಎಂದ. ಹೌದು, ಅದನ್ನೇ ಕಳಿಸಿದ್ದು. ದಾರಿ ಖರ್ಚು ತಗೋ, ನಾನು ಬರುವುದಿಲ್ಲ.

"ನೋಡಿ, ನೋಡಿ" ಎಂದು ಹೆಂಡತಿ ಲ್ಯಾಪ್‌ಟಾಪಿನ ಕಡೆ ಕೈಮಾಡಿದಳು. ಅಕ್ಕ ಮಂಟಪ ಹತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಪರ್ಸಿನಿಂದ ಏನೋ ಸಣ್ಣದೊಂದನ್ನು ತೆಗೆದು ಮಗಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ, ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ತಲೆಯೆತ್ತಿ ಕ್ಯಾಮೆರಾವನ್ನು ಹುಡುಕಿ, ನಮ್ಮನ್ನೇ ನೋಡಿದಂತೆ ನೋಡಿ, ಮುಷ್ಟಿಯನ್ನು ಎತ್ತಿ ತೋರಿಸಿದಳು.

ಊಟದ ಪಂಕ್ತಿ ಎದ್ದ ಮೇಲೆ ಅಕ್ಕನ ಫೋನು ಬಂತು. ನಾನು ಹಲೋ ಎನ್ನುವ ಮೊದಲೇ, "ನೂರೇ ಬಂದಿದೆಯಲ್ಲೋ! ಒಂದೆಲ್ಲೋ?" ಎಂದಳು. ಬೈಗುಳ! ಎಷ್ಟು ದಿನದ ಮೇಲೆ ಬೈಗುಳ! ನನ್ನ ಕಣ್ಣು ತುಂಬಿ ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

"ಕಳಿಸೋ ಫೀಸು ತಿಂದುಬಿಡ್ತು ಅಕ್ಕ. ನಾನು ನೂರಾ ಒಂದೇ ಹಾಕಿದ್ದು, ದೇವರಾಣೆಗೂ."

"ಗೊತ್ತಾಯ್ತು ಬಿಡು. ನೀನು ನೂರು ಇಡೋನಲ್ಲ. ನಿನ್ನ ಹೆಸರಲ್ಲಿ ನಾನೇ ಒಂದು ರೂಪಾಯಿ ಕೊಟ್ಟು, ಮಾವಂದು ಕಣೆ ಇದು ಅಂದೆ. ನಾಕು ಜನದ ಮುಂದೆ ನಿನ್ನ ಮರ್ಯಾದೆ ಉಳಿಸಿದೀನಿ."

"ಅದನ್ನ ಈಗಲೇ ನಿನಗೆ ಕಳಿಸ್ತೀನಿ ಅಕ್ಕ. ಇವನಿಲ್ಲೇ ಇದಾನೆ, ಬೇರೆ ದಾರಿ ಏನಾದ್ರೂ..."

"ಸುಮ್ನಿರೋ. ಮತ್ತೆ ದಾರೀಲಿ ಯಾರೋ ತಿಂದಾರು. ಅದು ಕಳಿಸೋ ಒಂದಲ್ಲ. ನಿನ್ನ ಹತ್ರ ನಂದೊಂದು ಇದೆಯಲ್ಲ, ಅದನ್ನ ತಗೊಂಡು ಬಾ."

ಫೋನು ಸ್ಪೀಕರಿನಲ್ಲಿತ್ತು. ಮಗನಿಗೂ ಕೇಳಿಸಿತು. ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಅಕ್ಷತೆಯನ್ನು ಕೀಗಳ ಸಂದಿಯಿಂದ ಊದಿ, ವಿಮಾನದ ಟಿಕೆಟ್ಟು ಹುಡುಕತೊಡಗಿದ. ತಪಾಸಣೆ ಮುಗಿಯುವುದು ಯಾವಾಗ ಎಂದು ಕೇಳಿದ. ಹೇಳಿದೆ. ದರ ಬಂತು. ಅವನು ಸಿಳ್ಳೆ ಹಾಕಿದ.

"ಅಪ್ಪ, ಒಂದು ರೂಪಾಯಿ ಟ್ರಾನ್ಸ್‌ಫರ್ ಮಾಡೋಕೆ ಇಷ್ಟು ಫೀಯಾ?"

"ಯಾ ಕುಟೋವಾ. ಕಳಿಸೋನ ಮೇಲೆ" ಎಂದೆ.

ಅವನು ನಕ್ಕ. ಪ್ರಯಾಣಿಕರು ಎಷ್ಟು ಎಂಬಲ್ಲಿ ಎರಡು ಎಂದಿತ್ತು, ಅದನ್ನು ಒತ್ತಿ ಮೂರು ಮಾಡಿದ. ದರ ಇನ್ನೂ ಏರಿತು. ನಾನು ಬೇಡವೆನ್ನಲಿಲ್ಲ. ಆಮೇಲೆ ನಾಣ್ಯಕ್ಕೆ ಕೈಚಾಚಿದ.

"ನಾನಿಟ್ಕೋಲಾ? ನೀನಾದ್ರೆ ಎಲ್ಲಾದ್ರೂ ಇಟ್ಟು ಮರೀತೀಯ."

ಕೊಟ್ಟೆ. ಜೇಬಿಗೆ ಹಾಕಿಕೊಂಡವನು ಮತ್ತೆ ತೆಗೆದು ನೋಡಿದ.

"ಇದನ್ನ ಖರ್ಚು ಮಾಡ್ಬಾರ್ದು, ಅಲ್ವಾ?"

"ಮಾಡ್ಬಾರ್ದು" ಎಂದೆ.